ಕೈಯಲ್ಲಿ ಬಿಗಿದ ನಟ್ಟು

7 ಸೆಪ್ಟೆಂಬರ್ 2025, ಭಾನುವಾರ. ಬೆಳಿಗ್ಗೆ 11

ಮುಂದಿನ ಚಕ್ರ ಹಾಕಿದ್ದು ಇದು ಮೂರನೇ ಸಲ. ಮತ್ತೆ ಉಜ್ಜುತ್ತಿದೆ. ಆಕ್ಸಲ್ ಸಡಿಲ ಇದ್ದಾಗ ಆರಾಮವಾಗಿ ತಿರುಗುತ್ತದೆ. ನಟ್ ಬಿಗಿಯುತ್ತ ಬಂದ ಹಾಗೆ ಸರ್... ಸರ್... ಪೂರ್ತಿ ಬಿಗಿದರೆ ಒಂದು ಸುತ್ತು ಬಂದು ನಿಂತುಬಿಡುತ್ತದೆ. ಬ್ರೇಕ್ ಹಿಡಿಯದೆಯೇ ಬ್ರೇಕ್.

ರಿಮ್ ಹೊಸದು. ಕಡ್ಡಿಗಳನ್ನೆಲ್ಲ ಎಳೆದು ಸರಿ ಮಾಡಿಸಿದ್ದೇನೆ. ಬಗ್ಗಿದ ಫೋರ್ಕನ್ನು ಆದಿ ಉಡುಪಿಯ ಲೇತಿನವನು ನೇರ ಮಾಡಿ ಕೊಟ್ಟ. ಉಳಿದದ್ದು ಬೇರಿಂಗ್, ಬುಶ್, ವಾಷರ್, ಬ್ರೇಕ್ ಪ್ಲೇಟ್. ನಾಲ್ಕೇ ನಾಲ್ಕು. ಮಣಿಪಾಲದ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ನಾನು. ಒಂದು ಚಕ್ರ ಕೂರಿಸಲಿಕ್ಕೆ ಬರುವುದಿಲ್ಲ. ನಾಚಿಕೆಗೇಡು.

ಬೈಕ್ 1956ರದ್ದು. ಇಂಗ್ಲೆಂಡಿನದ್ದೆಂದು ಅಪ್ಪ ಅದಕ್ಕೆ 'ದೊರೆ' ಎಂದು ಹೆಸರಿಟ್ಟಿದ್ದರು. ಅಪ್ಪನ ನಂತರ ಅಣ್ಣ ಕೂಸಪ್ಪನಿಗೆ ಬಂತು. ಕೂಸಪ್ಪ ತಂಡೇಲನ ಬೈಕ್ ಎಂದರೆ ಕಾಪುವಿನಿಂದ ಮಲ್ಪೆಯವರೆಗೆ ಗೊತ್ತು. ಕಡಲಿಗೆ ಹೋಗಿ ದೋಣಿ ನಡೆಸುವವನು ಅಣ್ಣ, ಬೈಕ್ ನೋಡಿಕೊಳ್ಳುವವನು ನಾನು. ಹಾಗೆಯೇ ನಡೆದುಕೊಂಡು ಬಂದದ್ದು.

ಮೂರು ವರ್ಷದಿಂದ ನಮ್ಮ ಹಿತ್ತಿಲಿನ ಶೆಡ್ಡಿನಲ್ಲಿ ಟಾರ್ಪಲ್ ಹೊದ್ದು ನಿಂತಿತ್ತು. 2022ರ ವಿಜಯದಶಮಿಯ ದಿನ ಕಾರ್ಕಳ ದಾಟಿ ಬಜಗೋಳಿಗೆ ಹೋಗುವಾಗ ಬಿದ್ದದ್ದು. ಓಡಿಸುತ್ತಿದ್ದವನು ಅಣ್ಣ. ಹಿಂದೆ ಕಮಲ ಅತ್ತಿಗೆ. ಅಣ್ಣನ ಕಾಲು ಮುರಿಯಿತು. ಅತ್ತಿಗೆಯ ತಲೆ ಮೋರಿಯ ಕಟ್ಟೆಗೆ ಬಡಿಯಿತು. ಅಲ್ಲೇ ಹೋದರು.

ಈಗ ಅಣ್ಣನೇ ಕೇಳಿದ್ದು. "ಈ ದಶಮಿಗೆ ದೊರೆ ಓಡಬೇಕು ಸುಕೇಶಾ." ಯಾಕೆ ಎಂದು ಕೇಳಲಿಲ್ಲ. ಯಾವ ಬಾಯಿಯಿಂದ ಕೇಳಲಿ.

9 ಸೆಪ್ಟೆಂಬರ್, ಮಂಗಳವಾರ

ಫಸ್ಟ್ ಇಯರ್ ಬ್ಯಾಚ್. ತಿರುಗುವ ಯಂತ್ರದಲ್ಲಿ ಸದ್ದು ಬಂದರೆ ಮೊದಲು ಎಂತ ನೋಡಬೇಕು ಎಂದು ಕೇಳಿದೆ. ಎಲ್ಲರೂ ಬೂಟು ನೋಡಿಕೊಂಡು ನಿಂತರು. ನಾನೇ ಹೇಳಿದೆ – ನೋಡುವುದಲ್ಲ, ಕೇಳುವುದು. ಸದ್ದು ಚಕ್ರದ ಜೊತೆ ಸುತ್ತು ಬರುತ್ತದೋ, ಒಂದೇ ಜಾಗದಲ್ಲಿ ನಿಲ್ಲುತ್ತದೋ ಕೇಳಿ. ಸುತ್ತು ಬಂದರೆ ದೋಷ ತಿರುಗುವ ಭಾಗದಲ್ಲಿ. ಒಂದೇ ಕಡೆ ನಿಂತರೆ ದೋಷ ತಿರುಗದ ಭಾಗದಲ್ಲಿ.

ಹೇಳುತ್ತಿದ್ದ ಹಾಗೆ ಚಾಕ್ ಕೆಳಗಿಟ್ಟೆ. ದೊರೆಯ ಸದ್ದು ಸುತ್ತು ಬರುವುದಿಲ್ಲ. ಎಡಗಡೆ, ಫೋರ್ಕಿನ ಹತ್ತಿರ, ಒಂದೇ ಜಾಗ. ಮೊದಲ ದಿನದಿಂದಲೇ. ಅಲ್ಲಿ ತಿರುಗದೆ ನಿಂತಿರುವುದು ಒಂದೇ ಭಾಗ – ಬ್ರೇಕ್ ಪ್ಲೇಟ್.

ಸಂಜೆ ಬಂದು ವಾಷರ್‌ಗಳನ್ನು ಅದಲು ಬದಲು ಮಾಡಿ ನೋಡಿದೆ. ಉಜ್ಜಿತು. ಬುಶ್ ತಿರುಗಿಸಿ ಹಾಕಿದೆ. ಉಜ್ಜಿತು. ಪ್ಲೇಟ್ ಮುಟ್ಟಲಿಲ್ಲ. ಕತ್ತಲಾಯಿತು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಶೆಡ್ಡಿನಲ್ಲಿ ಎರಡು ಟ್ಯೂಬ್‌ಲೈಟ್ ಉಂಟು.

13 ಸೆಪ್ಟೆಂಬರ್, ಶನಿವಾರ. ಸಂಜೆ

ಅಣ್ಣ ಬಂದು ಮೀನಿನ ಕ್ರೇಟ್ ಮಗುಚಿ ಕೂತ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದು ಬಾವಿ, ಅಷ್ಟೇ ದೂರ. ಆದರೂ ಶೆಡ್ಡಿನೊಳಗೆ ಬಂದದ್ದು ಮೂರು ವರ್ಷದಲ್ಲಿ ಇದೇ ಮೊದಲು. ಸ್ವಲ್ಪ ಹೊತ್ತು ಟ್ಯಾಂಕ್ ನೋಡಿದ. ಆಮೇಲೆ ಎದ್ದು ಹ್ಯಾಂಡಲಿನ ಬಲಗಡೆಯ ಬ್ರೇಕ್ ಲಿವರ್ ಹಿಡಿದ. ಕೇಬಲ್ ಹಾಕಿರಲಿಲ್ಲ, ಬರೀ ಲಿವರ್. ಹಿಡಿದ, ಬಿಟ್ಟ. ಹಿಡಿದ, ಬಿಟ್ಟ.

"ಎಷ್ಟು ಹಿಡಿದೆ ಎಂತ ನೆನಪಿಲ್ಲ ಮಾರಾಯ. ಒಂದು ದನ ಅಡ್ಡ ಬಂತು. ಹಿಡಿದೆ. ಚಕ್ರ ಕಚ್ಚಿ ನಿಂತಿತು."

ಬೇರಿಂಗ್ ಒರೆಸುತ್ತ ಕೂತೆ.

"ನಲವತ್ತು ವರ್ಷ ದೋಣಿಯ ಚುಕ್ಕಾಣಿ ಹಿಡಿದ ಕೈ. ತೂಫಾನಿನಲ್ಲಿ ತಪ್ಪಲಿಲ್ಲ. ಅವಳು ಹಿಂದೆ ಕೂತಿರುವಾಗ ತಪ್ಪಿತಲ್ಲ."

"ಹಾಗೆಲ್ಲ ಹೇಳಬೇಡ ಅಣ್ಣ."

"ಮತ್ತೆ ಹೇಗೆ ಹೇಳುವುದು? ಅದಕ್ಕೇ ಹೇಳಿದ್ದು, ಒಂದು ಸಲ ಓಡಿಸಬೇಕು. ಅದೇ ರಸ್ತೆ, ಅದೇ ಬ್ರೇಕ್. ಈ ಕೈ ಸರಿ ಉಂಟೋ ಇಲ್ಲವೋ ನನಗೆ ಗೊತ್ತಾಗಬೇಕು. ಇಲ್ಲದಿದ್ದರೆ ಇದನ್ನು ಹೊತ್ತುಕೊಂಡು ಇನ್ನೆಷ್ಟು ವರ್ಷ ಕೂರುವುದು?"

ಬಿದ್ದ ಮೇಲೆ ಅಣ್ಣ ಕಡಲಿಗೆ ಹೋಗಲಿಲ್ಲ. ಕಾಲು ಸರಿಯಾದ ಮೇಲೂ. ಯಾರ ಜೀವವೂ ಇನ್ನು ನನ್ನ ಕೈಯಲ್ಲಿ ಬೇಡ ಎಂದುಬಿಟ್ಟ. ಒಬ್ಬಳೇ ಮಗಳು ಸೌಮ್ಯಶ್ರೀ, ಅಲೆವೂರಿಗೆ ಕೊಟ್ಟದ್ದು. ತಾಯಿಯ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಹೋದವಳು ಅಪ್ಪನ ಹತ್ತಿರ ಒಂದು ಮಾತು ಆಡಿಲ್ಲ. ಮೂರು ವರ್ಷ. ಅಣ್ಣ ಫೋನ್ ಮಾಡಿದರೆ ಎತ್ತುವುದಿಲ್ಲ. ನನಗೆ ಮಾತ್ರ ವಾರಕ್ಕೆರಡು ಸಲ ಮಾಡುತ್ತಾಳೆ. ಅಪ್ಪನ ಸುದ್ದಿ ಎತ್ತಿದರೆ ಇಟ್ಟುಬಿಡುತ್ತಾಳೆ.

ಎಷ್ಟು ಸಲ ಬಾಯಿಯವರೆಗೆ ಬಂತು ಇವತ್ತು. ನುಂಗಿದೆ. ಅಭ್ಯಾಸವಾಗಿಬಿಟ್ಟಿದೆ ನುಂಗಿ.

15 ಸೆಪ್ಟೆಂಬರ್, ಸೋಮವಾರ

ವಿಟ್ಲಪಿಂಡಿ, ಕೃಷ್ಣಾಷ್ಟಮಿಯ ಮರುದಿನದ ಉತ್ಸವ. ಉಡುಪಿಯಲ್ಲಿ ಜನವೋ ಜನ. ನಾನು ರಜೆ ಹಾಕಿ ಶೆಡ್ಡಿನಲ್ಲಿ.

ಎರಡೂ ಬೇರಿಂಗ್ ಹೊಸದು ಹಾಕಿದೆ. ಫೋರ್ಕಿನ ಎರಡು ಕಾಲುಗಳ ನಡುವಿನ ಅಂತರ ಅಳೆದೆ, ಮೇಲೆ, ಕೆಳಗೆ. ಸರಿ ಉಂಟು. ಆಕ್ಸಲನ್ನು ಗಾಜಿನ ಮೇಲೆ ಉರುಳಿಸಿ ನೋಡಿದೆ. ನೇರ ಉಂಟು. ಚಕ್ರ ಹಾಕಿದೆ, ಫೋರ್ಕನ್ನು ನಾಲ್ಕು ಸಲ ಒತ್ತಿ ಕುಣಿಸಿ ಕೂರಿಸಿದೆ, ಆಮೇಲೆ ಬಿಗಿದೆ. ಪುಸ್ತಕದಲ್ಲಿ ಹೇಳಿದ ಹಾಗೆ, ಒಂದೂ ಬಿಡದೆ.

ಉಜ್ಜುತ್ತಿದೆ. ಅದೇ ಜಾಗ.

ಪ್ಲೇಟನ್ನು ಕೈಯಲ್ಲಿ ಹಿಡಿದೆ. ಮತ್ತೆ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ನನ್ನಿಂದಾಗುವುದಿಲ್ಲ. ಬೇರೆ ಯಾರಾದರೂ ನೋಡಲಿ. ಕಾರ್ಕಳದ ಕಾರ್ಲ್ಟನ್‌ಗೆ ಫೋನ್ ಮಾಡಿದೆ. ಅವನ ಹತ್ತಿರ ಇಂಥ ಹಳೆಯ ಬೈಕ್ ಹನ್ನೊಂದು ಉಂಟು. ಶನಿವಾರ ಬರಲಿಕ್ಕೆ ಹೇಳಿದ.

20 ಸೆಪ್ಟೆಂಬರ್, ಶನಿವಾರ

ಚಕ್ರ, ಪ್ಲೇಟ್ ಎಲ್ಲ ಗೋಣಿಯಲ್ಲಿ ಕಟ್ಟಿ ಬಸ್ಸು ಹತ್ತಿದೆ. "ಮಾಸ್ಟ್ರೆ, ಉಳಿದ ಬೈಕ್ ಹಿಂದಿನ ಬಸ್ಸಿಗಾ?" ಎಂದ ಕಂಡಕ್ಟರ್. ನಗು ಬರಲಿಲ್ಲ.

ಕಾರ್ಲ್ಟನ್ ಗೋಣಿ ಬಿಚ್ಚಿದ. ಚಕ್ರವನ್ನು ಮುಟ್ಟಿಯೂ ನೋಡಲಿಲ್ಲ. ನೇರ ಪ್ಲೇಟಿಗೆ ಕೈ ಹಾಕಿದ. ಅದರ ಅಂಚಿನಲ್ಲಿ ಒಂದು ಕಿವಿ ಉಂಟು, ತೂತು ಇರುವ ಕಿವಿ. ಅಲ್ಲಿಂದ ಫೋರ್ಕಿಗೆ ಗೇಣುದ್ದದ ಒಂದು ಕಬ್ಬಿಣದ ಪಟ್ಟಿ – ಸ್ಟೇ ಎನ್ನುವುದು. ಬ್ರೇಕ್ ಹಿಡಿದಾಗ ಪ್ಲೇಟ್ ಕೂಡ ಚಕ್ರದ ಜೊತೆ ತಿರುಗಿಹೋಗದಂತೆ ಹಿಡಿಯುವುದು ಆ ಪಟ್ಟಿ. ಪಟ್ಟಿಯನ್ನು ಕಿವಿಗೆ ಹಿಡಿಯುವುದು ಒಂದು ಬೋಲ್ಟ್, ಒಂದು ನಟ್.

ಕಾರ್ಲ್ಟನ್ ಪ್ಲೇಟಿನ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿದ.

"ಕಿವಿ ಒಳಗೆ ಬಗ್ಗಿದೆ ನೋಡಿ. ಆಕ್ಸಲ್ ಬಿಗಿದಾಗ ಡ್ರಮ್ಮಿಗೆ ತಾಗುತ್ತದೆ. ಅಷ್ಟೇ ನಿಮ್ಮ ಕಾಯಿಲೆ."

"ಬಿದ್ದಾಗ ಬಗ್ಗಿರಬೇಕು" ಎಂದೆ.

ಅವನು ಪ್ಲೇಟ್ ತಿರುವಿ ತಿರುವಿ ನೋಡಿದ. "ಇಲ್ಲ ಮಾರಾಯ್ರೆ. ಬಿದ್ದ ಪೆಟ್ಟಾದರೆ ಹೊರಗಿನ ಮುಖದಲ್ಲಿ ಇರಬೇಕು. ಇದು ಅಂಚಿಗೆ ಬಿದ್ದದ್ದು. ಪ್ಲೇಟ್ ಚಕ್ರದ ಜೊತೆ ತಿರುಗಿ ಬಂದು ಫೋರ್ಕಿಗೆ ಹೊಡೆದಿದೆ. ನಿಮ್ಮ ಫೋರ್ಕಿನ ಹಿಂಬದಿ ನೋಡಿ, ಗುರುತು ಉಂಟು ಅಲ್ಲಿ."

"ಬೋಲ್ಟ್ ತುಂಡಾಗಿರಬಹುದು, ಅಲ್ವಾ? ಹಳೆ ಬೋಲ್ಟ್..."

"ತುಂಡಾದರೆ ತೂತು ಹರಿಯುತ್ತದೆ, ಇಲ್ಲದಿದ್ದರೆ ಉದ್ದವಾಗುತ್ತದೆ. ಇದು ನಿನ್ನೆ ಕೊರೆದ ಹಾಗೆ ಉರುಟು ಉಂಟು. ನಟ್ ಕಳಚಿದೆ. ಬೋಲ್ಟ್ ತನ್ನಷ್ಟಕ್ಕೆ ಜಾರಿ ಬಿದ್ದಿದೆ. ಮತ್ತೆ ಬ್ರೇಕ್ ಹಿಡಿದರೆ ಚಕ್ರ ಲಾಕ್. ಮೆಲ್ಲಗೆ ಹಿಡಿದರೂ ಲಾಕ್. ಯಾರಿಗೂ ತಪ್ಪಿಸಲಿಕ್ಕೆ ಆಗುವುದಿಲ್ಲ." ಪ್ಲೇಟ್ ಕೆಳಗಿಟ್ಟ. "ಯಾರು ಕಟ್ಟಿದ್ದು ಮಾಸ್ಟ್ರೆ ಇದನ್ನು?"

"ಒಬ್ಬ ಮೆಕ್ಯಾನಿಕ್."

"ಅವನ ಕೈಗೆ ಇನ್ನು ಸ್ಪ್ಯಾನರ್ ಕೊಡಬೇಡಿ" ಎಂದು ಒಳಗೆ ಹೋಗಿ ಶರಬತ್ತು ತಂದ. ಕುಡಿದೆ. ಥ್ಯಾಂಕ್ಸ್ ಎಂದೆ. ಎಂಥ ಮನುಷ್ಯ ನಾನು.

ಮನೆಗೆ ಬಂದ ಕೂಡಲೇ ಶೆಡ್ಡಿಗೆ ಹೋಗಿ ಟಾರ್ಚ್ ಹಾಕಿದೆ. ಕಿವಿ ಇರಬೇಕಾದ್ದು ಫೋರ್ಕಿನ ಮುಂದೆ. ಗುರುತು ಇರುವುದು ಫೋರ್ಕಿನ ಹಿಂದೆ. ಹೆಬ್ಬೆರಳಿನಷ್ಟು ಉದ್ದ, ಆಳವಾದ ಗಾಯ. ಮುಂದೆ ಇದ್ದದ್ದು ಕೆಳಗಿನಿಂದ ಸುತ್ತಿ ಹಿಂದೆ ಬಂದು ಹೊಡೆಯಬೇಕಾದರೆ ಪ್ಲೇಟ್ ಮುಕ್ಕಾಲು ಸುತ್ತು ಬಂದಿರಬೇಕು. ಬಂದಿದೆ.

21 ಸೆಪ್ಟೆಂಬರ್, ಭಾನುವಾರ

ಬರೆದೇಬಿಡುತ್ತೇನೆ. ಯಾರೂ ಓದಲಿಕ್ಕಿಲ್ಲ. ನಾನೊಬ್ಬ ಓದಬೇಕು.

4 ಅಕ್ಟೋಬರ್ 2022. ಆಯುಧ ಪೂಜೆ. ಬೆಳಿಗ್ಗೆ ದೊರೆಯ ಮುಂದಿನ ಚಕ್ರ ಬಿಚ್ಚಿ ಬ್ರೇಕ್ ಲೈನರ್ ಬದಲಿಸುತ್ತಿದ್ದೆ. ಹಿಂದಿನ ದಿನವೇ ಮುಗಿಸಬೇಕಾದ ಕೆಲಸ, ಸೋಮಾರಿತನದಿಂದ ಉಳಿಸಿಕೊಂಡದ್ದು. ಪೂಜೆಯ ಹೊತ್ತಿಗೆ ಬೈಕ್ ತನ್ನ ಚಕ್ರದ ಮೇಲೆ ನಿಂತಿರಬೇಕು. ಕಲ್ಲಿನ ಮೇಲೆ ಎತ್ತಿಟ್ಟ ಬೈಕಿಗೆ ಯಾರು ಆರತಿ ಎತ್ತುತ್ತಾರೆ? ಗಡಿಬಿಡಿಯಲ್ಲಿ ಚಕ್ರ ಹಾಕಿದೆ. ಆಕ್ಸಲ್ ಬಿಗಿದೆ. ಕೇಬಲ್ ಕೊಟ್ಟೆ. ಸ್ಟೇಯ ಬೋಲ್ಟ್ ತೂರಿಸಿ ನಟ್ಟನ್ನು ಕೈಯಲ್ಲೇ ತಿರುಗಿಸಿ ಕೂರಿಸಿದೆ. ಬಿಗಿಯಲಿಕ್ಕೆ ಸ್ಪ್ಯಾನರಿಗೆ ಕೈ ಚಾಚಿದರೆ – ಸ್ಪ್ಯಾನರ್ ಇಲ್ಲ.

ಅತ್ತಿಗೆ ಅಷ್ಟರಲ್ಲಿ ಎಲ್ಲ ಒಯ್ದು ಸೀಮೆಎಣ್ಣೆಯಲ್ಲಿ ಒರೆಸಿ ಮಣೆಯ ಮೇಲೆ ಸಾಲಾಗಿ ಜೋಡಿಸಿ ಆಗಿತ್ತು. ಅಣ್ಣನ ಬಲೆ ಹೆಣೆಯುವ ಸೂಜಿ, ಅವರ ಮೀನು ಕೊಯ್ಯುವ ಕತ್ತಿ, ನನ್ನ ಸ್ಪ್ಯಾನರ್‌ಗಳು. ಒಂದೊಂದಕ್ಕೂ ಕುಂಕುಮ, ಒಂದೊಂದು ದಾಸವಾಳ.

"ಒಂದು ನಟ್ ಬಾಕಿ ಉಂಟು ಅತ್ತಿಗೆ. ಆ ಚಿಕ್ಕದನ್ನು ಒಮ್ಮೆ ಕೊಡಿ."

"ಪೂಜೆಗೆ ಇಟ್ಟದ್ದನ್ನು ಎತ್ತುತ್ತಾರಾ ಸುಕೇಶಾ? ನಾಳೆ ಬೆಳಿಗ್ಗೆ ಮಂಗಳಾರತಿ ಮಾಡಿ ತೆಗೆದುಕೊಡುತ್ತೇನೆ. ಒಂದು ದಿನ ಅದಕ್ಕೂ ವಿಶ್ರಾಂತಿ ಇರಲಿ."

ಪಕ್ಕದ ಮನೆಯಲ್ಲಿ ಕೇಳಿದೆ. ಅವರದ್ದೂ ಮಣೆಯ ಮೇಲೆ. ಆ ದಿನ ಇಡೀ ಕಾಪುವಿನಲ್ಲಿ ಒಂದು ಸ್ಪ್ಯಾನರ್ ಸಿಗುವುದಿಲ್ಲ. ನಾಳೆ ಬಿಗಿದರಾಯಿತು ಎಂದುಕೊಂಡೆ. ಮರುದಿನ ಅವರಿಬ್ಬರು ಬಜಗೋಳಿಗೆ ಹೋಗುವವರು – ಅತ್ತಿಗೆಯ ತಂಗಿ ಶರ್ಮಿಳಾಗೆ ಅಲ್ಲಿ ಮೀನಿನ ಅಂಗಡಿ, ಅವಳ ಮನೆಯಲ್ಲಿ ಹೊಸ ಅಕ್ಕಿ ಊಟ. ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿತ್ತು.

ಅತ್ತಿಗೆಯನ್ನು ದೂರುತ್ತಿಲ್ಲ. ನಟ್ಟು ಯಾವುದರದ್ದು ಎಂದು ಅವರಿಗೆ ಹೇಗೆ ಗೊತ್ತು? ಬ್ರೇಕಿನದ್ದು ಎಂದು ಒಂದು ಮಾತು ಹೇಳಿದ್ದರೆ ಅವರೇ ಎತ್ತಿಕೊಡುತ್ತಿದ್ದರು. ನಾನು ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ.

ದಶಮಿಯ ಬೆಳಿಗ್ಗೆ ಪೇಟೆಗೆ ಹೋಗಿ ಚಾ ಕುಡಿದು, ಪೇಪರ್ ಓದಿ ಬಂದೆ. ದೊರೆ ಇಲ್ಲ. ಪೂಜೆ ಮಾಡಿದ ಗಾಡಿ ಓಡಬೇಕು ಎಂದು ಅಣ್ಣನಿಗೆ ಹುಮ್ಮಸ್ಸು ಬಂದಿತ್ತಂತೆ. ಸ್ಪ್ಯಾನರ್ ಇನ್ನೂ ಮಣೆಯ ಮೇಲೆಯೇ. ಹೂ ಬಾಡಿತ್ತು.

ಆಗ ಏಳು ಗಂಟೆ ಹತ್ತು ನಿಮಿಷ. ಫೋನ್ ತೆಗೆದೆ. ಅಣ್ಣನ ಹೆಸರು ತೆರೆದೆ. ಅತ್ತಿಗೆಯ ಬ್ಯಾಗಿನಲ್ಲೂ ಫೋನ್ ಇತ್ತು.

ಮಾಡಲಿಲ್ಲ.

ಯಾಕೆ ಮಾಡಲಿಲ್ಲ? ಕೈಬಿಗಿ ಸಾಕು, ಬಜಗೋಳಿಯವರೆಗೆ ತಡೆಯುತ್ತದೆ ಎಂದುಕೊಂಡೆ – ಇದು ನಾನು ನನಗೆ ಹೇಳಿಕೊಂಡು ಬಂದದ್ದು. ನಿಜ ಅದಲ್ಲ. ಫೋನ್ ಮಾಡಿ ಎಂತ ಹೇಳುವುದು? ಅಣ್ಣ, ಬೈಕ್ ನಿಲ್ಲಿಸು, ನಾನು ನಟ್ ಬಿಗಿಯಲಿಲ್ಲ? ಅಣ್ಣ ಅದನ್ನು ದೋಣಿಯಲ್ಲಿ ಹೇಳಿ ನಗುತ್ತಾನೆ. ಕಾಲೇಜಿನಲ್ಲಿ ಕಲಿಸುವ ಮಾಸ್ಟ್ರು ನಟ್ ಬಿಗಿಯಲಿಲ್ಲವಂತೆ ಎಂದು ಊರಿಡೀ ಆಗುತ್ತದೆ. ಅಷ್ಟೇ ಕಾರಣ. ಮರ್ಯಾದೆ. ಅತ್ತಿಗೆ ನನಗೆಂದು ಮುಚ್ಚಿಟ್ಟು ಹೋಗಿದ್ದ ಇಡ್ಲಿ ತಿಂದೆ. ಎಂಟೂ ನಲವತ್ತಕ್ಕೆ ಶರ್ಮಿಳಾಳ ಫೋನ್ ಬಂತು.

ಆಸ್ಪತ್ರೆಯಲ್ಲಿ ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ ನಾನು ಅಣ್ಣನ ತಲೆದಿಂಬು ಸರಿ ಮಾಡುತ್ತಿದ್ದೆ. "ನನ್ನ ಕೈ ತಪ್ಪಿತು" ಎಂದ. ಕೋರ್ಟಿನಲ್ಲೂ ಅದನ್ನೇ ಹೇಳಿದ. ಕಾಲು ಕೂಡಲಿ, ಆಮೇಲೆ ಹೇಳುವ ಎಂದುಕೊಂಡೆ. ಬೊಜ್ಜ ಆಗಲಿ. ವರ್ಷಾಂತಿಕ ಆಗಲಿ. ಹಾಗೆ ಮೂರು ವರ್ಷ.

ಇಪ್ಪತ್ತೇಳು ವರ್ಷ ಅತ್ತಿಗೆಯ ಕೈಯ ಊಟ ಉಂಡವನು ನಾನು. ನನಗೆ ಮದುವೆಯಾಗಲಿಲ್ಲ ಎಂದು ಒಂದು ದಿನವೂ ಅನಿಸದ ಹಾಗೆ ನೋಡಿಕೊಂಡರು.

27 ಸೆಪ್ಟೆಂಬರ್, ಶನಿವಾರ

ಬರೆಯಲಾಗಲಿಲ್ಲ ಈ ವಾರ. ಕೆಲಸ ಮಾತ್ರ ಮಾಡಿದೆ.

ಕಿವಿಯನ್ನು ಬಿಸಿ ಮಾಡಿ, ಮೆಲ್ಲ ಮೆಲ್ಲ ಬಡಿದು ನೇರ ಮಾಡಿದೆ. ಹೊಸ ಬೋಲ್ಟ್. ಹೊಸ ನಟ್, ಅದಕ್ಕೆ ಅಡ್ಡ ಒಂದು ಪಿನ್ – ಸಡಿಲವಾದರೂ ಕಳಚದ ಹಾಗೆ. ಚಕ್ರ ಏರಿಸಿದೆ. ಬಿಗಿದೆ. ತಿರುಗಿಸಿದೆ.

ಹದಿನಾಲ್ಕು ಸುತ್ತು. ಒಂದು ಸದ್ದು ಇಲ್ಲ. ಬೇರೆ ದಿನವಾದರೆ ಕುಣಿಯುತ್ತಿದ್ದೆ.

ಅಣ್ಣ ಬಾವಿಕಟ್ಟೆಯಿಂದಲೇ ನೋಡಿ ಬಂದ. ತಾನೂ ತಿರುಗಿಸಿದ. ಮುಖದಲ್ಲಿ ನಗು ಕಂಡದ್ದು ಎಷ್ಟು ದಿನದ ಮೇಲೋ. "ನಿನ್ನ ಕೈಗುಣ ಮಾರಾಯ" ಎಂದು ಬೆನ್ನು ತಟ್ಟಿದ. ಆ ಜಾಗ ಈಗಲೂ ಉರಿಯುತ್ತಿದೆ. ನನ್ನ ಮೇಲೆ ನನಗೆ ಹೇಸಿಗೆ.

28 ಸೆಪ್ಟೆಂಬರ್, ಭಾನುವಾರ

ಅಲೆವೂರಿಗೆ ಹೋಗಿದ್ದೆ. ಹೇಳಲೇಬೇಕು ಎಂದೇ ಹೋದದ್ದು.

ಸೌಮ್ಯ ಊಟಕ್ಕೆ ಹಾಕಿದಳು. ಅವಳ ಗಂಡ ಡ್ಯೂಟಿಗೆ ಹೋಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ಬೈಕ್ ರಿಪೇರಿ ಮಾಡುತ್ತಿದ್ದೀರಂತೆ ಚಿಕ್ಕಪ್ಪ?"

"ಹೌದು."

"ಯಾಕೆ? ಇನ್ನು ಯಾರನ್ನು ಕೂರಿಸಿಕೊಂಡು ಹೋಗಲಿಕ್ಕುಂಟಂತೆ?"

ಸೌಟು ಪಾತ್ರೆಗೆ ಹಾಕಿದ ರಭಸಕ್ಕೆ ಸಾರು ಚೆಲ್ಲಿತು. "ಅಮ್ಮ ಬಸ್ಸಿಗೆ ಹೊರಟು ನಿಂತದ್ದು. ನನಗೆ ಫೋನ್ ಮಾಡಿ ನಕ್ಕಿದ್ದರು, ನಿನ್ನ ಅಪ್ಪನಿಗೆ ದೊರೆಯ ಮೇಲೆಯೇ ಹೋಗಬೇಕಂತೆ ಎಂದು. ಆ ವಯಸ್ಸಿನಲ್ಲಿ ಶೋಕಿ! ಬ್ರೇಕ್ ಎಷ್ಟು ಹಿಡಿಯಬೇಕೆಂದು ಗೊತ್ತಿಲ್ಲದವರು ಯಾಕೆ ಓಡಿಸಬೇಕಿತ್ತು? ಕೋರ್ಟಿನಲ್ಲಿ ತಪ್ಪು ನನ್ನದು ಎಂದರಲ್ಲ, ಮುಗಿಯಿತಾ ಅಷ್ಟಕ್ಕೆ?"

ನಾನು ತಟ್ಟೆ ಬದಿಗೆ ಸರಿಸಿದೆ.

ಆಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು. "ನೀವೊಬ್ಬರು ಇಲ್ಲದಿದ್ದರೆ ಕಾಪುವಿನಲ್ಲಿ ನನ್ನವರು ಎಂದು ಯಾರಿದ್ದಾರೆ ಚಿಕ್ಕಪ್ಪ."

ಹೇಳದೆ ವಾಪಸ್ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಸ್ಪಷ್ಟವಾಯಿತು. ಮೂರು ವರ್ಷ ಅಣ್ಣನಿಗೆ ಸೇರಬೇಕಾದ ಮಗಳನ್ನು ನಾನು ಇಟ್ಟುಕೊಂಡಿದ್ದೇನೆ.

1 ಅಕ್ಟೋಬರ್, ಬುಧವಾರ. ಆಯುಧ ಪೂಜೆ

ಹೇಳಿದೆ.

ಬೆಳಿಗ್ಗೆ ಪೂಜೆ ಆಯಿತು. ಅತ್ತಿಗೆ ಇಲ್ಲದ ಮೇಲೆ ಅಣ್ಣನೇ ಮಾಡುವುದು. ದೊರೆಗೆ ಮಾಲೆ. ಮಣೆಯ ಮೇಲೆ ನನ್ನ ಸ್ಪ್ಯಾನರ್‌ಗಳು, ಕುಂಕುಮ, ಹೂ. ಆರತಿ ಎತ್ತಿದ ಮೇಲೆ ಅಣ್ಣ ಪ್ರಸಾದ ಕೊಡಲು ಬಂದ. ಕೈ ನೀಡಲಾಗಲಿಲ್ಲ ನನಗೆ.

"ಅಣ್ಣ, ನಿನ್ನ ಕೈ ತಪ್ಪಲಿಲ್ಲ. ನಾನು ನಟ್ ಬಿಗಿಯಲಿಲ್ಲ."

ಅರ್ಥವಾಗಲಿಲ್ಲ ಅವನಿಗೆ. ಶೆಡ್ಡಿಗೆ ಕರೆದುಕೊಂಡು ಹೋದೆ. ಪಟ್ಟಿ ತೋರಿಸಿದೆ, ಕಿವಿ ತೋರಿಸಿದೆ, ಫೋರ್ಕಿನ ಹಿಂದಿನ ಗುರುತಿನ ಮೇಲೆ ಅವನ ಬೆರಳು ಹಿಡಿದು ಇಡಿಸಿದೆ. ಆ ದಿನದ್ದು ಪೂರ್ತಿ ಹೇಳಿದೆ. ಫೋನ್ ಕೈಯಲ್ಲಿದ್ದದ್ದನ್ನೂ.

ತನ್ನ ಬಲಗೈ ಬಿಡಿಸಿ ನೋಡಿದ.

"ಹಾಗಾದರೆ ಈ ಕೈ ಸರಿ ಇತ್ತಾ?"

"ಸರಿ ಇತ್ತು ಅಣ್ಣ."

"ಯಾರು ಹಿಡಿದಿದ್ದರೂ ಬೀಳುತ್ತಿತ್ತಾ?"

"ಯಾರು ಹಿಡಿದಿದ್ದರೂ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಒಳಗೆ ಹೋದ. ಮಣೆಯ ಮೇಲಿಂದ ಸ್ಪ್ಯಾನರ್‌ಗಳನ್ನು ಎತ್ತಿದ. ಹೂ ಕೊಡವಿದ. ನಮ್ಮ ಮನೆಯಲ್ಲಿ ಆಯುಧ ಪೂಜೆಯ ದಿನ ಯಾರೂ ಮಾಡದ ಕೆಲಸ. ಬಂದು ದೊರೆಯ ಪಕ್ಕ ಮಂಡಿ ಊರಿ ಕೂತ, ಆ ಮುರಿದು ಕೂಡಿದ ಕಾಲನ್ನು ಕಷ್ಟಪಟ್ಟು ಮಡಚಿ. ನಾನು ಬಿಗಿದ ಪ್ರತಿಯೊಂದು ನಟ್ಟಿಗೂ ಸ್ಪ್ಯಾನರ್ ಹಾಕಿ ತಾನೇ ಎಳೆದು ನೋಡಿದ. ಮುಂದಿನದ್ದು, ಹಿಂದಿನದ್ದು, ಎಲ್ಲ. ನನ್ನ ಕಣ್ಣೆದುರೇ. ನೋಡಬೇಕಾದ್ದೇ.

ಕೊನೆಗೆ ಎದ್ದ. "ಮೂರು ವರ್ಷ ನನ್ನ ಪಕ್ಕ ಕೂತು ಗಂಜಿ ಉಂಡೆಯಲ್ಲ ಸುಕೇಶಾ" ಎಂದ. ಅಷ್ಟೇ. ಧ್ವನಿ ಏರಿಸಲಿಲ್ಲ.

ಬಾವಿಯವರೆಗೆ ಹೋದವನು ತಿರುಗಿ ನಿಂತ.

"ಸೌಮ್ಯನಿಗೆ ಹೇಳಬೇಡ."

"ಅಣ್ಣ–"

"ನಾನು ಹೇಗೂ ಅವಳಿಗೆ ಇಲ್ಲ. ಚಿಕ್ಕಪ್ಪನೂ ಇಲ್ಲ ಎಂದಾಗುವುದು ಬೇಡ. ತವರು ಎಂದು ಅವಳು ಬರುವುದು ನಿನ್ನ ಮನೆಗೆ. ಅದೊಂದು ಬಾಗಿಲು ಇರಲಿ ಅವಳಿಗೆ."

ಅವನು ಮನೆಯ ಒಳಗೆ ಹೋದ ಮೇಲೆ ಅತ್ತೆ. ಗಂಡಸು, ಐವತ್ತಮೂರು ವರ್ಷ, ಬೈಕಿನ ಮಾಲೆ ಹಿಡಿದುಕೊಂಡು ಅತ್ತೆ.

2 ಅಕ್ಟೋಬರ್, ಗುರುವಾರ. ಬೆಳಿಗ್ಗೆ 9

ಆರೂವರೆಗೆ ದೊರೆ ಸ್ಟಾರ್ಟ್ ಆದ ಸದ್ದು ಕೇಳಿತು. ಅಣ್ಣ ನನ್ನನ್ನು ಕರೆಯಲಿಲ್ಲ. ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಒಂದು ಸಲ ಬ್ರೇಕ್ ಹಿಡಿದು ನಿಲ್ಲಿಸಿದ. ಬಿಟ್ಟ. ಮತ್ತೆ ಹಿಡಿದ. ಹೋದ.

ಎರಡು ಗಂಟೆಗಿಂತ ಹೆಚ್ಚು ಹೊತ್ತು ಜಗಲಿಯಲ್ಲಿ ಕೂತಿದ್ದೆ. ಈಗ ಶರ್ಮಿಳಾಳ ಮೆಸೇಜ್ ಬಂತು. ಭಾವ ಮುಟ್ಟಿದರು, ಅಂಗಳದಲ್ಲಿ ಬೈಕಿನ ಮೇಲೆಯೇ ಕೂತಿದ್ದಾರೆ, ಇಳಿಯುವುದಿಲ್ಲ, ಅಳುತ್ತಿದ್ದಾರೆ, ಎಂತ ಆಯಿತು ಎಂದು.

ಅಣ್ಣನ ಮಾತು ಮೀರುತ್ತಿದ್ದೇನೆ. ಜೀವಮಾನದಲ್ಲಿ ಇದೇ ಮೊದಲು. ಬಾಗಿಲು ನನ್ನದಾದರೆ ಮುಚ್ಚಲಿ. ಒಂಬತ್ತೂವರೆಯ ಬಸ್ಸು.

ಅದೇ ದಿನ. ಮಧ್ಯಾಹ್ನ 1.15. ಅಲೆವೂರು

ಸೌಮ್ಯನ ಮನೆಯ ಹೊರಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ.

ಎಲ್ಲ ಹೇಳಿದೆ. ನಿಂತೇ ಹೇಳಿದೆ. ಕೂತುಕೊಳ್ಳಿ ಎಂದಳು, ಕೂರಲಿಲ್ಲ. ಕಣ್ಣು ಮಿಟುಕಿಸದೆ ಕೇಳಿದಳು. ಮುಗಿದ ಮೇಲೆ ಒಂದೇ ಪ್ರಶ್ನೆ.

"ಏಳು ಹತ್ತಕ್ಕೆ ಫೋನ್ ಮಾಡಿದ್ದರೆ ಅವರು ಎಲ್ಲಿರುತ್ತಿದ್ದರು?"

"ಶಿರ್ವದ ಹತ್ತಿರ. ಹೆಚ್ಚೆಂದರೆ ಬೆಳ್ಮಣ್. ಕಾರ್ಕಳ ಇನ್ನೂ ದೂರ."

ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ, "ಹೊರಗೆ ಹೋಗಿ" ಎಂದಳು. ಚಿಕ್ಕಪ್ಪ ಎನ್ನಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವ ಮೊದಲೇ ಬಾಗಿಲು ಹಾಕಿದಳು.

ಬಸ್ಸಿಗೆ ಇನ್ನೂ ಹೊತ್ತುಂಟು. ಎದ್ದು ಹೋಗಬೇಕು, ಹೋಗಿಲ್ಲ. ಒಳಗೆ ಮೊದಲು ಏನೂ ಕೇಳಿಸುತ್ತಿರಲಿಲ್ಲ. ಈಗ ನಡೆದಾಡುವ ಸದ್ದು. ಅಡುಗೆಮನೆಯಿಂದ ಚಾವಡಿಗೆ, ಚಾವಡಿಯಿಂದ ಅಡುಗೆಮನೆಗೆ. ನಿಂತಿತು.

ಫೋನ್ ಮಾಡುತ್ತಿದ್ದಾಳೆ.

"ಪಪ್ಪಾ" ಎಂದಳು.

ಆಮೇಲೆ ಏನೂ ಇಲ್ಲ. ಅಳುತ್ತಿದ್ದಾಳೆ. ಆ ಕಡೆ ಅವನೂ ಅಳುತ್ತಿರಬೇಕು, ಇಬ್ಬರೂ ಮಾತಾಡುತ್ತಿಲ್ಲ. ಈಗ – "ಒಣಸ್ ಆಂಡಾ ಪಪ್ಪಾ?" ಎಂದು ಕೇಳಿದಳು. ಊಟ ಆಯಿತಾ ಎಂದು. ಮೂರು ವರ್ಷದ ಮೇಲೆ ಅಪ್ಪನಿಗೆ ಕೇಳುವ ಮೊದಲ ಮಾತು ಅದು.

ಇಷ್ಟು ಕೇಳಿದೆ. ಇನ್ನು ಇದು ಅವರಿಬ್ಬರದು, ಈ ಮೆಟ್ಟಿಲ ಮೇಲೆ ಕೂತು ಕೇಳಲಿಕ್ಕೆ ನನಗೆ ಹಕ್ಕಿಲ್ಲ. ಪುಸ್ತಕ ಮುಚ್ಚಿ ಏಳುತ್ತೇನೆ.